ರಿಸ್ಕ್ ಸ್ಕೋರ್ ಓದುವ ಮೊದಲು: ಮುಟ್ಟು, ತೂಕ ಎರಡನ್ನೂ ಸರಿಯಾಗಿ ಹೇಳಿ

ಸ್ತನ ಕ್ಯಾನ್ಸರ್ ಆಪರೇಷನ್ ಆದ ಮೇಲೆ, ಕಾಯಿಲೆ ಮರಳುವ ಸಾಧ್ಯತೆ ಎಷ್ಟು, ಕೀಮೋ ಬೇಕಾ ಅಂತ ನೋಡಲು ಗಡ್ಡೆಯನ್ನು ಟೆಸ್ಟಿಗೆ ಕಳಿಸುತ್ತಾರೆ. ಅದರಲ್ಲಿ ಬರುವ ಅಂಕವೇ ರಿಸ್ಕ್ ಸ್ಕೋರ್. ಖರ್ಚು ಜಾಸ್ತಿ. ಹಾಗಾಗಿ ಮೊದಲು ನಿಮ್ಮ ಬಯಾಪ್ಸಿ ರಿಪೋರ್ಟ್ ತೆಗೆದು ನೋಡಿ. ಇಆರ್ ಪಾಸಿಟಿವ್ (ಈಸ್ಟ್ರೋಜನ್ ಹಾರ್ಮೋನಿನಿಂದ ಬೆಳೆಯುವ ಗಡ್ಡೆ), ಹರ್‌2 ನೆಗೆಟಿವ್ (ಆ ಹೆಸರಿನ ಪ್ರೋಟೀನ್ ಹೆಚ್ಚಿಲ್ಲದ್ದು) ಇದ್ದವರಿಗೆ ಮಾತ್ರ ಈ ಟೆಸ್ಟ್. ಕಂಕುಳಿನ ಗಂಟುಗಳಿಗೆ (ಲಿಂಫ್ ನೋಡ್) ಹರಡಿರಬಾರದು, ಹರಡಿದ್ದರೂ ಮೂರಕ್ಕಿಂತ ಹೆಚ್ಚಿರಬಾರದು. ಮತ್ತೆ ಸೂಜಿ ಚುಚ್ಚುವುದಿಲ್ಲ. ಲ್ಯಾಬಿನಲ್ಲಿ ಮೇಣದಲ್ಲಿ ಇಟ್ಟಿರುವ ಗಡ್ಡೆಯ ಬ್ಲಾಕ್ ಸಾಕು.

ನಮ್ಮ ಅಕ್ಕನಿಗೆ ಮಾಡಿಸಿದ್ದು ಆಂಕೋಟೈಪ್ ಡಿಎಕ್ಸ್. 21 ಜೀನ್ ನೋಡಿ 0ಯಿಂದ 100ರೊಳಗೆ ಒಂದು ಸ್ಕೋರ್ ಕೊಡುತ್ತಾರೆ, ಜಾಸ್ತಿ ಇದ್ದಷ್ಟೂ ಮರಳುವ ಅಪಾಯ ಜಾಸ್ತಿ. ಬೆಂಗಳೂರಿನ ಆಂಕೋಸ್ಟೆಮ್‌ನವರ ಕ್ಯಾನ್‌ಅಸಿಸ್ಟ್ ಅಂತಲೂ ಒಂದಿದೆ. ಅದು ಐದು ಪ್ರೋಟೀನ್ ಜೊತೆಗೆ ಗಡ್ಡೆಯ ಅಳತೆ, ಗ್ರೇಡ್, ಗಂಟುಗಳ ಸ್ಥಿತಿ ನೋಡುತ್ತದೆ. ಎರಡರ ಲೆಕ್ಕದಲ್ಲೂ ನಿಮ್ಮ ತೂಕ ಇಲ್ಲ, ಮುಟ್ಟು ನಿಂತಿದೆಯಾ ಅನ್ನುವುದೂ ಇಲ್ಲ. ಆದರೆ ಸ್ಕೋರಿನ ಅರ್ಥ ಮುಟ್ಟಿನ ಸ್ಥಿತಿಯ ಮೇಲೇ ನಿಂತಿದೆ, ತೂಕವನ್ನೂ ಜೊತೆಗಿಟ್ಟು ನೋಡಬೇಕು.

ಡಾಕ್ಟರು "ಮುಟ್ಟು ನಿಂತಿದೆಯೇನಮ್ಮಾ?" ಅಂದಾಗ ಭಾವ ಅಕ್ಕನ ಬದಲು ಉತ್ತರಿಸಿದರು: "ನಿಂತು ವರ್ಷಗಳೇ ಆಯ್ತು ಸಾರ್." ಅಕ್ಕನಿಗೆ 47. ಡಾಕ್ಟರು ಪೆನ್ ಕೆಳಗಿಟ್ಟರು. "ತಾನಾಗೇ ನಿಂತಿದ್ದಾ, ಗರ್ಭಕೋಶ ತೆಗೆಸಿದ್ದಾ? ಅಂಡಾಶಯ ಇದೆಯಾ?" ಯಾರಿಗೂ ಗೊತ್ತಿರಲಿಲ್ಲ. ನಮ್ಮ ಕಡೆ ಎಷ್ಟೊಂದು ಹೆಂಗಸರು ನಲವತ್ತಾಗುವ ಮೊದಲೇ ಗರ್ಭಕೋಶ ತೆಗೆಸಿಕೊಂಡಿರುತ್ತಾರೆ, ಏನೇನು ತೆಗೆದರು ಅಂತ ಕೇಳಿರುವುದಿಲ್ಲ. ಮನೆಗೆ ಬಂದು ಬೀರುವಿನ ಕೆಳಖಾನೆಯಲ್ಲಿದ್ದ ಹಳೇ ಡಿಸ್ಚಾರ್ಜ್ ಕಾರ್ಡ್ ತೆಗೆದೆವು. ಅಂಡಾಶಯ ಉಳಿಸಿದ್ದಾರೆ ಅಂತ ಅದರಲ್ಲಿತ್ತು. ಎಫ್‌ಎಸ್‌ಎಚ್, ಎಸ್ಟ್ರಡಿಯಾಲ್ ಅನ್ನುವ ಹಾರ್ಮೋನುಗಳ ರಕ್ತಪರೀಕ್ಷೆ ಮಾಡಿಸಿದರೆ ಅಂಡಾಶಯ ಇನ್ನೂ ಚೆನ್ನಾಗೇ ಕೆಲಸ ಮಾಡುತ್ತಿತ್ತು.

ಸ್ಕೋರ್ ಬಂದಿದ್ದು 19. ವಯಸ್ಸು, ಮುಟ್ಟು ವ್ಯತ್ಯಾಸ ತರುವುದು ಇಲ್ಲೇ. 2018ರಲ್ಲಿ ಬಂದ ಟೈಲರ್‌ಎಕ್ಸ್ ಅಧ್ಯಯನದ ಪ್ರಕಾರ, ಗಂಟಿಗೆ ಹರಡದೆ ಸ್ಕೋರ್ 25ರೊಳಗಿದ್ದರೆ 50 ದಾಟಿದವರಿಗೆ ಕೀಮೋದಿಂದ ಹೆಚ್ಚು ಲಾಭ ಇಲ್ಲ. 50 ಅಥವಾ ಅದಕ್ಕಿಂತ ಚಿಕ್ಕವರಲ್ಲಿ 16ರಿಂದ 25ರ ನಡುವೆ ಸ್ವಲ್ಪ ಲಾಭ ಕಂಡಿತು. ಒಂದರಿಂದ ಮೂರು ಗಂಟಿಗೆ ಹರಡಿದವರನ್ನು ನೋಡಿದ ಇನ್ನೊಂದು ಅಧ್ಯಯನ ಆರ್‌ಎಕ್ಸ್‌ಪಾಂಡರ್‌ನಲ್ಲೂ 25ರೊಳಗೆ ಇದೇ ಕಥೆ: ಮುಟ್ಟು ನಿಂತವರಿಗೆ ಕೀಮೋ ಉಪಯೋಗ ಆಗಲಿಲ್ಲ, ನಿಲ್ಲದವರಿಗೆ ಆಯಿತು. ಆ ಲಾಭದಲ್ಲಿ ಒಂದು ಪಾಲು ಕೀಮೋ ಅಂಡಾಶಯವನ್ನು ಸುಮ್ಮನಾಗಿಸುವುದರಿಂದ ಇರಬಹುದು ಅಂತಾರೆ. ಹಾಗಾಗಿ "ಕೀಮೋ ಬದಲು ಅಂಡಾಶಯ ನಿಲ್ಲಿಸುವ ಇಂಜೆಕ್ಷನ್ ಆಗುತ್ತಾ?" ಅಂತ ಕೇಳಿ. ನಾವು ಕೇಳಿದೆವು.

ಈಗ ತೂಕ. "ದಪ್ಪ ಇದ್ದಿದ್ದಕ್ಕೇ ಬಂತು" ಅನ್ನುವ ನೆಂಟರ ಬಾಯಿ ಮುಚ್ಚಿಸಿ. ತೂಕ ಇಳಿಸಿದರೆ ಸ್ಕೋರ್ ಬದಲಾಗಲ್ಲ, ಅದು ತೆಗೆದ ಗಡ್ಡೆಯದು. ಆದರೆ ಮುಟ್ಟು ನಿಂತ ಮೇಲೆ ದೇಹದಲ್ಲಿ ಈಸ್ಟ್ರೋಜನ್ ತಯಾರಾಗುವುದು ಮುಖ್ಯವಾಗಿ ಕೊಬ್ಬಿನಲ್ಲಿ, ಅರೋಮಟೇಸ್ ಅನ್ನುವ ಕಿಣ್ವದಿಂದ. ತೂಕ ಜಾಸ್ತಿ ಇದ್ದವರಲ್ಲಿ ಕಾಯಿಲೆ ಮರಳುವ ಅಪಾಯ ಸ್ವಲ್ಪ ಹೆಚ್ಚು ಅಂತ ಅಧ್ಯಯನಗಳು ಹೇಳುತ್ತವೆ. ಅದು ಸ್ಕೋರಿನಲ್ಲಿ ಕಾಣುವುದಿಲ್ಲ, ನೀವೇ ಮಾತು ತೆಗೆಯಬೇಕು. ತೂಕ ಎತ್ತರಕ್ಕೆ ತಕ್ಕಷ್ಟಿದೆಯಾ ಅಂತ ನೋಡುವ ಲೆಕ್ಕ ಬಿಎಂಐ: ಕಿಲೋವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿ. ಅಕ್ಕ 72 ಕಿಲೋ, 1.54 ಮೀಟರ್. ಬಿಎಂಐ 30 ಬಂತು. ನಮ್ಮಂಥ ಏಷ್ಯಾದವರಿಗೆ 23 ದಾಟಿದರೇ ಎಚ್ಚರ ಅಂತಾರೆ. ಕೀಮೋ ಡೋಸ್ ಲೆಕ್ಕ ಹಾಕುವುದೂ ಎತ್ತರ, ತೂಕದ ಮೇಲೇ. ದಪ್ಪ ಅಂತ ಡೋಸ್ ಕಮ್ಮಿ ಮಾಡಿಸಿಕೊಳ್ಳಬೇಡಿ. ಚಿಕಿತ್ಸೆ ನಡೆಯುವಾಗ ಉಪವಾಸ ಮಾಡಿ ಇಳಿಸುವ ಸಾಹಸವೂ ಬೇಡ.

ಕಾಯಿಲೆ ಮರಳದಂತೆ ಕೊಡುವ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಮಾತ್ರೆಗಳು ತಡೆಯುವುದು ಅದೇ ಅರೋಮಟೇಸನ್ನು. ಅಂಡಾಶಯ ಕೆಲಸ ಮಾಡುತ್ತಿದ್ದರೆ ಇವನ್ನಷ್ಟೇ ನುಂಗಿ ಪ್ರಯೋಜನ ಇಲ್ಲ. ಕೀಮೋದಲ್ಲಿ ಮುಟ್ಟು ನಿಂತರೂ ಆಮೇಲೆ ಮರಳಬಹುದು. ಇಂಥ ಮಾತ್ರೆ ಬರೆದುಕೊಟ್ಟ ಮೇಲೆ ಒಂದು ಸಲ ಸ್ರಾವ ಕಂಡರೂ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯದೆ ಫೋನ್ ಮಾಡಿ ಹೇಳಿ. ಗರ್ಭಕೋಶ ಇಲ್ಲದವರಿಗೆ ಆ ಸೂಚನೆಯೂ ಸಿಗುವುದಿಲ್ಲ, ರಕ್ತಪರೀಕ್ಷೆ ಯಾವಾಗ ಅಂತ ಮೊದಲೇ ಕೇಳಿ ಬರೆಸಿಕೊಳ್ಳಿ.