ಒಂದೂವರೆ ಇಂಚು ಬಿಟ್ಟು ಕೊಯ್ಯೋದು

ಬಾಳೆಹೊನ್ನೂರು ಕಡೆ ನಮ್ಮದು ಕಾಫಿ ತೋಟ. ಕೊಯ್ಲು ಮುಗಿದ ಮೇಲೆ ನೆರಳಿನ ಸಿಲ್ವರ್ ಓಕ್ ಮರಗಳನ್ನು ನಾನೇ ಬೀಳಿಸುತ್ತೇನೆ. (ಕಾಡುಮರಕ್ಕಾದರೆ ಅನುಮತಿ ಬೇಕು. ಸಿಲ್ವರ್ ಓಕ್‌ಗೆ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲೇ ವಿನಾಯಿತಿ ಇದೆ.) ಚೈನ್ ಸಾ ಹಿಡಿದ ಮೊದಲ ವರ್ಷ ಒಂದು ಮರ ಕೈಮೀರಿ ಹೋಯಿತು. ಮುಂದೆ, ಅಂದರೆ ಮರ ಬೀಳಬೇಕಾದ ಕಡೆ, ಬೆಣೆಯಾಕಾರದ ಕಚ್ಚು ಹಾಕಿ, ಹಿಂದಿನಿಂದ ಕೊಯ್ಯುತ್ತಾ ಪೂರ್ತಿ ಕತ್ತರಿಸಿಬಿಟ್ಟೆ. ಮರ ಬೊಡ್ಡೆಯ ಮೇಲೇ ತಿರುಗಿತು. ದಾರಿಗೆ ಬೀಳಬೇಕಾದ್ದು ರೊಬಸ್ಟಾ ಕಾಫಿ ಸಾಲಿನ ಮೇಲೆ ಬಿತ್ತು. 7 ಗಿಡ ಹೋದವು. ಹಗ್ಗ ಹಿಡಿದಿದ್ದ ತಮ್ಮ ಅಲ್ಲಿಂದ 10 ಅಡಿ ದೂರದಲ್ಲಿದ್ದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಹೋಗಿ ಬೊಡ್ಡೆ ನೋಡಿದೆ. ಕೀಲೇ ಉಳಿದಿರಲಿಲ್ಲ. ಮುಂದಿನ ಕಚ್ಚಿಗೂ ಹಿಂದಿನ ಕೊಯ್ತಕ್ಕೂ ನಡುವೆ ಕೊಯ್ಯದೆ ಬಿಡುವ ಪಟ್ಟಿಗೆ ನಾವು ಹಾಗನ್ನುತ್ತೇವೆ. ಬಾಗಿಲಿಗೆ ಕೀಲು ಇದ್ದ ಹಾಗೇ ಅಲ್ವಾ? ಅದು ಹಿಡಿದಿರುವಷ್ಟು ಹೊತ್ತು ಮರ ಹೇಳಿದ ಕಡೆಗೇ ಬಾಗುತ್ತೆ.

ಈಗ ಸೀಮೆಸುಣ್ಣದಲ್ಲಿ ಮೊದಲೇ ಗೆರೆ ಎಳೆಯುತ್ತೇನೆ. 15 ಇಂಚು ದಪ್ಪದ ಮರಕ್ಕೆ ಕಚ್ಚು ಮೂರೂವರೆ ಇಂಚು ಆಳ, ಕೀಲು ಒಂದೂವರೆ ಇಂಚು. ಹಿಂದಿನ ಕೊಯ್ತ ಕಚ್ಚಿನ ಮೂಲೆಗಿಂತ ಒಂದೂವರೆ ಇಂಚು ಮೇಲೆ. ಬಾರ್ (ಚೈನ್ ಸುತ್ತುವ ಉದ್ದನೆಯ ಅಲಗು) ಒಳಗೆ ಹೋಗಿ ಜಾಗ ಸಿಕ್ಕ ತಕ್ಷಣ ಪ್ಲಾಸ್ಟಿಕ್ ಬೆಣೆ ಬಡಿಯುತ್ತೇನೆ. ಕಬ್ಬಿಣದ್ದಾದರೆ ಚೈನ್ ತಗುಲಿ ಹಲ್ಲು ಹೋಗುತ್ತೆ. ಆಮೇಲೆ ಕಣ್ಣು ಸಂದಿನ ಮೇಲೇ. ಅದು ಬೆರಳಗಲ ಬಾಯಿ ಬಿಟ್ಟರೆ ಸಾಕು, ಇನ್ನೊಂದು ಎಳೆಯೂ ಕೊಯ್ಯಲ್ಲ. ಬ್ರೇಕ್ ಹಾಕಿ, ಮೊದಲೇ ಸವರಿಟ್ಟ ದಾರಿಯಲ್ಲಿ ಓರೆಯಾಗಿ ಹಿಂದಕ್ಕೆ ಸರಿಯುತ್ತೇನೆ. ನೇರ ಹಿಂದಕ್ಕೆ ಹೋಗಲೇಬಾರದು, ಬುಡ ಅತ್ತಲೇ ಚಿಮ್ಮಬಹುದು. ಮುಂದಕ್ಕೆ ಜಾಸ್ತಿ ವಾಲಿದ ಮರವನ್ನು ನಾನು ಮುಟ್ಟುವುದಿಲ್ಲ. ಅದು ಅರ್ಧ ಕೊಯ್ಯುವಷ್ಟರಲ್ಲಿ ಉದ್ದಕ್ಕೆ ಸೀಳಿ ಮೇಲೇಳುತ್ತೆ.

ಚೈನ್ ಮೊಂಡಾದರೆ ಗೆರೆ ನೆಟ್ಟಗೆ ಬರಲ್ಲ. ಹೊಟ್ಟು ನೋಡಿದರೆ ಗೊತ್ತಾಗುತ್ತೆ: ಹರಿತ ಇದ್ದಾಗ ಚಕ್ಕೆ ಚಕ್ಕೆಯಾಗಿ ಬೀಳುತ್ತೆ, ಮೊಂಡಾದಾಗ ಹಿಟ್ಟಿನಂತೆ. ಹಿಟ್ಟು ಕಂಡರೆ ಅಲ್ಲೇ ಕೂತು ಅರ ಹಾಕುತ್ತೇನೆ. ಬಾರ್ ತುದಿಯ ಮೇಲ್ಭಾಗ ಮಾತ್ರ ಯಾವುದಕ್ಕೂ ತಗುಲಬಾರದು. ತಗುಲಿದರೆ ಮಿಷನ್ ನೇರ ಮುಖಕ್ಕೆ ಎಗರುತ್ತೆ.

ಹೆಲ್ಮೆಟ್, ಕಿವಿಮುಚ್ಚಳ, ಗಟ್ಟಿ ಬೂಟು ಎಲ್ಲ ಇವೆ. ಪ್ಯಾಂಟಿನ ವಿಷಯ ಮಾತ್ರ ಹೇಳಲೇಬೇಕು. ಚೈನ್ ಸಾ ಪ್ಯಾಂಟಿನೊಳಗೆ ಉದ್ದುದ್ದ ನಾರಿನ ಪದರ ಇರುತ್ತೆ. ಚೈನ್ ತಾಗಿದರೆ ಆ ನಾರು ಕಿತ್ತು ಬಂದು ಹಲ್ಲುಚಕ್ರಕ್ಕೆ ಸುತ್ತಿಕೊಂಡು ಚೈನ್ ನಿಲ್ಲಿಸುತ್ತೆ. ಮಾರ್ಚ್ ಬಿಸಿಲಿಗೆ ಬೆವರು ಇಳಿಯುತ್ತೆ, ನಿಜ. ಆದರೂ ಲುಂಗಿ ಉಟ್ಟು ಮಿಷನ್ ಹಿಡಿದವರನ್ನು ಕಂಡರೆ ನಿಲ್ಲಿಸಿ ಹೇಳುತ್ತೇನೆ.

ತಮ್ಮ ಈಗಲೂ ಹಗ್ಗಕ್ಕೆ ನಿಲ್ಲುತ್ತಾನೆ. ಆದರೆ ಬೀಳುವ ದಿಕ್ಕಿನಲ್ಲಲ್ಲ. ಹಗ್ಗವನ್ನು ರಾಟೆಗೆ ಹಾಕಿ ಪಕ್ಕಕ್ಕೆ ತಿರುಗಿಸಿ, ಎರಡು ಮರದ ಉದ್ದ ದೂರದಿಂದ ಎಳೆಯುತ್ತಾನೆ. ಅವನು ಕೈ ಎತ್ತಿದ ಮೇಲೆಯೇ ನಾನು ಹಿಂದಿನ ಕೊಯ್ತ ಶುರು ಮಾಡೋದು.