ಆಲ್ಫಾ ಕಣಗಳ ಚದುರಿಕೆ: ಲೆಕ್ಕ ಬಿಡಿಸುವುದು ಹೇಗೆ?

ಚದುರಿಕೆಯ ಲೆಕ್ಕ ಬಹಳ ಸಲ ಕೆಡುವುದು ಗಣಿತದಲ್ಲಲ್ಲ. ಸೂತ್ರ ಅಲ್ಲಿಗೆ ಒಪ್ಪುತ್ತದೆಯೇ ಎಂದು ನೋಡದೆ ಸಂಖ್ಯೆ ತುಂಬುವುದರಲ್ಲಿ. ಒಂದು ಲೆಕ್ಕ ಹಿಡಿಯೋಣ. 5 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ಆಲ್ಫಾ ಕಣಗಳು, ಅಂದರೆ ಹೀಲಿಯಂ ನ್ಯೂಕ್ಲಿಯಸ್‌ಗಳು, ಸೆಕೆಂಡಿಗೆ 10 ಲಕ್ಷದಂತೆ 1 ಮೈಕ್ರಾನ್ ದಪ್ಪದ ಚಿನ್ನದ ಹಾಳೆಗೆ ಬಡಿಯುತ್ತಿವೆ. 60 ಡಿಗ್ರಿಯಲ್ಲಿ ಎಷ್ಟು ಸಿಗುತ್ತವೆ?

ಮೊದಲು ಏಕಮಾನ. ಜೌಲ್, ಕೂಲಂಬ್‌ಗಳನ್ನು ಬದಿಗಿಡಿ. ಎರಡು ಪ್ರೋಟಾನ್‌ಗಳ ನಡುವಿನ ವಿದ್ಯುತ್ ವಿಕರ್ಷಣೆಗೆ 1.44 ಎಂಇವಿ-ಫರ್ಮಿ ಎಂಬ ಸಂಖ್ಯೆಯೊಂದು ನೆನಪಿದ್ದರೆ ಸಾಕು (ಫರ್ಮಿ ಎಂದರೆ 10⁻¹⁵ ಮೀಟರ್). ಆಲ್ಫಾದ ಆವೇಶ 2, ಚಿನ್ನದ್ದು 79, ಮೂರನ್ನೂ ಗುಣಿಸಿದರೆ 227.5.

ಎರಡನೆಯದು ಶಕ್ತಿ. ಆವೇಶಗಳ ವಿಕರ್ಷಣೆಯಿಂದ ಕಣ ಎಷ್ಟು ಚದುರುತ್ತದೆಂದು ಹೇಳುವ ರುದರ್‌ಫೋರ್ಡ್ ಸೂತ್ರ ಕೇಳುವುದು ದ್ರವ್ಯರಾಶಿ ಕೇಂದ್ರದ ಶಕ್ತಿಯನ್ನು, ಅಂದರೆ ಎರಡೂ ಒಟ್ಟಾಗಿ ಚಲಿಸಲು ಹೋಗುವ ಪಾಲು ಕಳೆದು ಉಳಿದದ್ದನ್ನು. ಚಿನ್ನದ ದ್ರವ್ಯರಾಶಿ 197, ಆಲ್ಫಾದ್ದು 4: 5 × 197/201 = 4.9 ಎಂಇವಿ. ಚಿನ್ನ ಭಾರವಾದ್ದರಿಂದ ವ್ಯತ್ಯಾಸ ಸಣ್ಣದು. ಗುರಿ ಕಾರ್ಬನ್ ಆಗಿದ್ದರೆ ಕಾಲು ಭಾಗ ಶಕ್ತಿಯೇ ಹೋಗುತ್ತದೆ, ಅಲ್ಲಿ ಈ ಹೆಜ್ಜೆ ಬಿಟ್ಟವರ ಉತ್ತರ ಪೂರ್ತಿ ಹಳ್ಳ ಹಿಡಿಯುತ್ತದೆ.

ಈಗ ಸೂತ್ರದ ಪರೀಕ್ಷೆ. ನೇರ ಡಿಕ್ಕಿಯಲ್ಲೂ ಕಣ 227.5/4.9, ಅಂದರೆ 46.4 ಫರ್ಮಿಗಿಂತ ಹತ್ತಿರ ಬರಲಾರದು. ಎರಡೂ ನ್ಯೂಕ್ಲಿಯಸ್‌ಗಳ ತ್ರಿಜ್ಯ ಕೂಡಿಸಿದರೆ ಸುಮಾರು 9 ಫರ್ಮಿ. ಒಂದನ್ನೊಂದು ಮುಟ್ಟುವುದೇ ಇಲ್ಲ. ರುದರ್‌ಫೋರ್ಡ್ ಸೂತ್ರ ಧೈರ್ಯವಾಗಿ ಬಳಸಬಹುದು. ಶಕ್ತಿ 25 ಎಂಇವಿ ಹತ್ತಿರ ಹೋದಾಗ ನ್ಯೂಕ್ಲಿಯ ಬಲವೂ ಕೈಹಾಕುತ್ತದೆ, ಆಗ ಬೇರೆ ದಾರಿ. ಆವೇಶವೇ ಇಲ್ಲದ ನ್ಯೂಟ್ರಾನಿಗಂತೂ ಈ ಸೂತ್ರವೇ ಇಲ್ಲ.

ಈಗ ಸೂತ್ರಕ್ಕೆ ಸಂಖ್ಯೆ ತುಂಬೋಣ. ಆ ಅತಿ ಹತ್ತಿರದ ದೂರ 46.4ರ ಕಾಲು ಭಾಗ 11.6, ಅದರ ವರ್ಗ ಸುಮಾರು 135. ಇದನ್ನು ಅರ್ಧ ಕೋನದ ಸೈನ್‌ನ ನಾಲ್ಕನೇ ಘಾತದಿಂದ ಭಾಗಿಸಿ. ಸೈನ್ 30 ಅರ್ಧ, ನಾಲ್ಕನೇ ಘಾತ 1/16. ಉತ್ತರ 2,155 ಚದರ ಫರ್ಮಿ: ಕಣವನ್ನು ಆ ಕೋನದತ್ತ ಚದುರಿಸಲು ಒಂದು ನ್ಯೂಕ್ಲಿಯಸ್ ಒಡ್ಡುವ ಗುರಿಯ ವಿಸ್ತೀರ್ಣ ಎನ್ನಿ. 100 ಚದರ ಫರ್ಮಿಗೆ ಒಂದು ಬಾರ್ನ್, ಹಾಗಾಗಿ ಪ್ರತಿ ಸ್ಟೆರೇಡಿಯನ್‌ಗೆ (ಘನಕೋನದ ಏಕಮಾನ) 21.6 ಬಾರ್ನ್.

ಹಾಳೆಯ ಪ್ರತಿ ಚದರ ಸೆಂಟಿಮೀಟರಿನಲ್ಲಿ 5.9 × 10¹⁸ ಪರಮಾಣುಗಳಿವೆ. 10 ಸೆಂ.ಮೀ. ದೂರದಲ್ಲಿ 1 ಚದರ ಸೆಂ.ಮೀ. ಡಿಟೆಕ್ಟರ್ ಇಟ್ಟರೆ ಘನಕೋನ 0.01. ಎಲ್ಲ ಗುಣಿಸಿದರೆ ಸೆಕೆಂಡಿಗೆ ಸುಮಾರು 1.3 ಕಣ. ಹಾಳೆ ದಾಟುವಾಗ ಆಲ್ಫಾ 0.4 ಎಂಇವಿಯಷ್ಟು ಕಳೆದುಕೊಳ್ಳುತ್ತದೆ, ಆದ್ದರಿಂದ ಎರಡನೇ ದಶಮಾಂಶಕ್ಕೆ ಜಗಳವಾಡಬೇಡಿ.

ಕ್ಯಾಲ್ಕ್ಯುಲೇಟರ್ ರೇಡಿಯನ್‌ನಲ್ಲಿದ್ದರೆ ಸೈನ್ 30 ಎಂದರೆ –0.99. ನಾಲ್ಕನೇ ಘಾತಕ್ಕೇರಿದಾಗ ಋಣ ಚಿಹ್ನೆ ಅಳಿಸಿಹೋಗಿ, 1.4 ಬಾರ್ನ್ ಎಂಬ ಸಭ್ಯ ಉತ್ತರ ಬರುತ್ತದೆ, ಅನುಮಾನವೇ ಬಾರದು. ಕೋನವನ್ನು ಅರ್ಧ ಮಾಡಲು ಮರೆತದ್ದೂ ಹೀಗೇ ಅಡಗಿರುತ್ತದೆ. ಅದಕ್ಕೇ 120 ಡಿಗ್ರಿಗೂ ಒಮ್ಮೆ ಲೆಕ್ಕ ಹಾಕಿ: 60ರ ಉತ್ತರದ ಒಂಬತ್ತನೇ ಒಂದು ಭಾಗ ಬರಬೇಕು. ಎರಡೂ ಒಂದೇ ಬಂದರೆ ಅರ್ಧ ಮಾಡುವುದು ಬಿಟ್ಟುಹೋಗಿದೆ.