ಗಡಿಯಾರ ನೋಡುವವರ ವಿಮಾನ ನಿಲ್ದಾಣ

ನಾನು ದೊಡ್ಡ ವಿಮಾನ ನಿಲ್ದಾಣವೊಂದರಲ್ಲಿ ಅಂಗಡಿ ಮಳಿಗೆಗಳನ್ನು ಬಾಡಿಗೆಗೆ ಕೊಡುವ ವಿಭಾಗದಲ್ಲಿದ್ದವನು. ಪ್ರಯಾಣಿಕ ಒಳಗೆ ಎಷ್ಟು ಹೆಚ್ಚು ಹೊತ್ತು ಕಳೆಯುತ್ತಾನೋ ಅಷ್ಟು ಹೆಚ್ಚು ಖರ್ಚು ಮಾಡುತ್ತಾನೆ ಎಂಬುದು ಅಲ್ಲಿನ ವೇದವಾಕ್ಯ. ಆ ವೇದವನ್ನು ಕಂಠಪಾಠ ಮಾಡಿಕೊಂಡೇ, ನಗರದ ನಡುವಿನ ಒಂದು ಪುಟ್ಟ ನಿಲ್ದಾಣದ ವಾಣಿಜ್ಯ ವಿಭಾಗದ ಹೊಣೆ ಹೊತ್ತೆ. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಕೆಲಸದ ಮೇಲೆ ಹೋಗಿ ಅದೇ ದಿನ ಮರಳುವವರು. ಕೈಯಲ್ಲೊಂದು ಚೀಲ, ಕಣ್ಣು ಗಡಿಯಾರದ ಮೇಲೆ.

ಮೊದಲ ಆರು ತಿಂಗಳಲ್ಲೇ ಒಂದು ದೊಡ್ಡ ತಪ್ಪು ಮಾಡಿದೆ. ಭದ್ರತಾ ತಪಾಸಣೆ ದಾಟಿದ ಮೇಲೆ ಗೇಟಿಗೆ ನೇರ ದಾರಿ ಇತ್ತು. ಅದನ್ನು ಸುತ್ತಿಸಿ, ತಿರುಗಿಸಿ, ಮಳಿಗೆಗಳ ನಡುವೆ ಹಾಯಿಸಿದೆ. ನಾಲ್ಕು ನಿಮಿಷದ ನಡಿಗೆ ಏಳು ನಿಮಿಷವಾಯಿತು. ಮಾರಾಟ ಮಾತ್ರ ಇದ್ದಲ್ಲೇ ಇತ್ತು. ಜನ ಸುಗಂಧದ್ರವ್ಯದ ಕಪಾಟುಗಳ ನಡುವೆ ತಲೆ ತಗ್ಗಿಸಿಕೊಂಡು, ಮಳೆಯಲ್ಲಿ ನಡೆಯುವವರಂತೆ ದಾಪುಗಾಲು ಹಾಕುತ್ತಿದ್ದರು. ಒಂದು ವಿಮಾನಯಾನ ಸಂಸ್ಥೆಯ ಸ್ಥಳೀಯ ವ್ಯವಸ್ಥಾಪಕರು ನನ್ನ ಕೋಣೆಗೆ ಬಂದು, ಕೂರದೆಯೇ ಹೇಳಿದರು: “ನಿಮ್ಮ ಅಂಗಡಿಗೋಸ್ಕರ ನನ್ನ ವಿಮಾನ ಕಾಯುವುದಿಲ್ಲ, ಸ್ವಾಮಿ.” ಮುಂದಿನ ತಿಂಗಳು ಗೋಡೆ ಒಡೆಸಿ ಹಳೆಯ ದಾರಿಯನ್ನೇ ತೆರೆದೆ. ಕಟ್ಟಿಸಿದವನೇ ಒಡೆಸುವಾಗ ಆಗುವ ಮುಜುಗರವನ್ನು ವಿವರಿಸಬೇಕಾಗಿಲ್ಲ.

ಆಮೇಲೆ ಒಂದು ಸ್ಟಾಪ್‌ವಾಚ್ ಹಿಡಿದುಕೊಂಡು ಬೆಳಗ್ಗೆ ಆರಕ್ಕೆ ಟರ್ಮಿನಲ್ ಬಾಗಿಲಲ್ಲಿ ನಿಲ್ಲತೊಡಗಿದೆ. ಕಾರಿನಿಂದ ಇಳಿದವರು ಗೇಟು ತಲುಪಲು ಎಷ್ಟು ನಿಮಿಷ ತೆಗೆದುಕೊಳ್ಳುತ್ತಾರೆ ಎಂದು ಬರೆದಿಟ್ಟುಕೊಂಡೆ. ವರದಿಗಳಲ್ಲಿ ಸರಾಸರಿ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ವಿಮಾನ ಹೊರಡಲು ಅರ್ಧ ಗಂಟೆಯಷ್ಟೇ ಇರುವಾಗ ಬಂದಿಳಿಯುವವನು ಸರಾಸರಿಯನ್ನು ನಂಬಿ ಬರುವುದಿಲ್ಲ. ವಾರದ ಅತಿ ಕೆಟ್ಟ ಬೆಳಗಿನಲ್ಲೂ ಸಾಲು ಇಷ್ಟೇ ಉದ್ದವಿರುತ್ತದೆ ಎಂಬ ಧೈರ್ಯದ ಮೇಲೆ ಬರುತ್ತಾನೆ. ಒಂದೇ ಒಂದು ಸಲ ಅವನ ವಿಮಾನ ತಪ್ಪಿದರೆ ಮುಂದಿನ ಸಲದಿಂದ ಒಂದು ಗಂಟೆ ಮೊದಲೇ ಮನೆ ಬಿಡುತ್ತಾನೆ. ಅಷ್ಟು ಮೊದಲೇ ಹೊರಡುವುದಾದರೆ ಊರಾಚೆಯ ದೊಡ್ಡ ನಿಲ್ದಾಣಕ್ಕೇ ಹೋಗಬಹುದಲ್ಲ? ಹಾಗಾಗಿ ನಾನು ಸರಾಸರಿಯನ್ನು ಬಿಟ್ಟು, ಪ್ರತಿ ವಾರದ ಅತಿ ಉದ್ದದ ಸಾಲನ್ನಷ್ಟೇ ದಾಖಲಿಸತೊಡಗಿದೆ. ತಪಾಸಣಾ ಸಿಬ್ಬಂದಿಯ ಪಾಳಿಯನ್ನು ಅರ್ಧ ಗಂಟೆ ಮೊದಲೇ ಶುರುಮಾಡಿಸಿದ್ದು, ಟ್ರೇಗಳನ್ನು ಮರಳಿ ತರಲು ಒಬ್ಬರನ್ನೇ ಮೀಸಲಿಟ್ಟಿದ್ದು, ಇಂಥ ಸಣ್ಣ ಕೆಲಸಗಳೇ ಸಾಲನ್ನು ಕರಗಿಸಿದವು.

ಯಂತ್ರಗಳೂ ನೆರವಾಗುತ್ತವೆ, ಆದರೆ ಅವುಗಳ ಭಾಗ್ಯ ನಮ್ಮ ಕೈಯಲ್ಲಿಲ್ಲ. ಲಂಡನ್ ಸಿಟಿ ವಿಮಾನ ನಿಲ್ದಾಣ 2023ರಲ್ಲಿ ತನ್ನ ಎಲ್ಲ ಸಾಲುಗಳಿಗೂ ಚೀಲದ ಒಳಗನ್ನು ಮೂರು ಆಯಾಮಗಳಲ್ಲಿ ತೋರಿಸುವ ಸಿ.ಟಿ. (CT) ಸ್ಕ್ಯಾನರ್ ಅಳವಡಿಸಿ, ಲ್ಯಾಪ್‌ಟಾಪ್ ಹೊರತೆಗೆಯುವ ಕಾಟವನ್ನೂ ದ್ರವಗಳಿಗಿದ್ದ 100 ಮಿಲಿಲೀಟರ್ ಮಿತಿಯನ್ನೂ ಕೈಬಿಟ್ಟಾಗ ನನಗೆ ಹೊಟ್ಟೆಕಿಚ್ಚಾಗಿತ್ತು. ಮರುವರ್ಷ ಜೂನ್‌ನಲ್ಲಿ ಬ್ರಿಟನ್ ಸರ್ಕಾರ ದ್ರವದ ಮಿತಿಯನ್ನು ಮತ್ತೆ ಹೇರಿತು. ಕೋಟಿಗಟ್ಟಲೆ ಸುರಿದು ಗಳಿಸಿದ ಸೌಕರ್ಯವನ್ನು ಒಂದು ಸುತ್ತೋಲೆ ಕಿತ್ತುಕೊಳ್ಳಬಹುದು ಎಂಬುದನ್ನು ನೋಡಿ ಕಿಚ್ಚು ಸ್ವಲ್ಪ ತಣಿಯಿತು.

ನಮ್ಮ ಕಸುಬಿನವರೆಲ್ಲ ಆ ನಿಲ್ದಾಣದ ಮಾತನ್ನೇ ಆಡುವುದಕ್ಕೆ ಕಾರಣವಿದೆ. 1987ರಲ್ಲಿ ಹಳೆಯ ಹಡಗುಕಟ್ಟೆಯ ಜಾಗದಲ್ಲಿ ಶುರುವಾದದ್ದು ಅದು. ರನ್‌ವೇ 1,508 ಮೀಟರ್ ಮಾತ್ರ. ಸಾಮಾನ್ಯವಾಗಿ ವಿಮಾನಗಳು ಮೂರು ಡಿಗ್ರಿ ಕೋನದಲ್ಲಿ ಇಳಿದರೆ ಅಲ್ಲಿ ಐದೂವರೆ ಡಿಗ್ರಿ. ಅದಕ್ಕೆ ಪ್ರತ್ಯೇಕ ಅನುಮತಿ ಪಡೆದ ವಿಮಾನಗಳು, ತರಬೇತಿ ಪಡೆದ ಪೈಲಟ್‌ಗಳು ಬೇಕು. 2009ರಿಂದ 2020ರವರೆಗೆ ಅಲ್ಲಿಂದ ನ್ಯೂಯಾರ್ಕ್‌ಗೆ 32 ಆಸನಗಳ ಏರ್‌ಬಸ್ ಎ318 ಹಾರುತ್ತಿತ್ತು. ಪೂರ್ತಿ ಇಂಧನ ತುಂಬಿಕೊಂಡು ಏರಲು ರನ್‌ವೇ ಸಾಲದು. ಹಾಗಾಗಿ ಹೋಗುವಾಗ ಐರ್ಲೆಂಡಿನ ಶ್ಯಾನನ್‌ನಲ್ಲಿ ಇಳಿದು ಇಂಧನ ತುಂಬಿಸುತ್ತಿದ್ದರು. ಅಷ್ಟರಲ್ಲಿ ಪ್ರಯಾಣಿಕರು ಅಮೆರಿಕದ ವಲಸೆ ತಪಾಸಣೆಯನ್ನು ಅಲ್ಲೇ ಮುಗಿಸಿಕೊಳ್ಳುತ್ತಿದ್ದರು. ನ್ಯೂಯಾರ್ಕ್‌ನಲ್ಲಿ ಸಾಲು ನಿಲ್ಲುವ ಕೆಲಸವೇ ಇರುತ್ತಿರಲಿಲ್ಲ. ಕಳೆದ ಸಮಯವನ್ನು ಹೀಗೆ ಬಡ್ಡಿ ಸಮೇತ ಹಿಂದಿರುಗಿಸುವ ಜಾಣ್ಮೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ರನ್‌ವೇಯೂ ಗಿಡ್ಡದೇ. ಅದರ ಮೇಲೆ ಎಟಿಆರ್ 72ರಂಥ, ಸುಮಾರು ಎಪ್ಪತ್ತು ಆಸನಗಳ ವಿಮಾನಗಳು ನಿಶ್ಚಿಂತೆಯಿಂದ ಓಡಾಡುತ್ತಿದ್ದವು. ಒಮ್ಮೆ ಇನ್ನೊಂದು ಸಂಸ್ಥೆ ಅದಕ್ಕಿಂತ ದೊಡ್ಡದಾದ ಎಂಬ್ರೇಯರ್ 190 ಜೆಟ್ ತರುತ್ತೇವೆ, ದಿನಕ್ಕೊಂದು ಹಾರಾಟ, ಬೆಳಗ್ಗೆ ಹನ್ನೊಂದಕ್ಕೆ ಎಂದಿತು. ಆಡಳಿತ ಮಂಡಳಿಗೆ ಖುಷಿಯೋ ಖುಷಿ. ನಾನು ಲೆಕ್ಕ ಹಾಕುತ್ತ ಕುಳಿತೆ. ನಿಲ್ದಾಣದ ಅಗ್ನಿಶಾಮಕ ದಳದ ವರ್ಗ ನಿಗದಿಯಾಗುವುದು ಮುಖ್ಯವಾಗಿ ವಿಮಾನದ ಉದ್ದದ ಮೇಲೆ. ಎಟಿಆರ್ 72ರ ಉದ್ದ 27 ಮೀಟರ್ ಚಿಲ್ಲರೆ, ಅದು ಐದನೇ ವರ್ಗ, ಒಂದು ಅಗ್ನಿಶಾಮಕ ವಾಹನ ಸಾಕು. ಎಂಬ್ರೇಯರ್ 36 ಮೀಟರ್ ದಾಟುತ್ತದೆ, ಅಂದರೆ ಆರನೇ ವರ್ಗ, ಎರಡು ವಾಹನ. ಎರಡನೆಯದನ್ನು ಓಡಿಸಲು ಪ್ರತಿ ಪಾಳಿಗೂ ಹೆಚ್ಚುವರಿ ಜನ. ಆ ಒಂದು ಹಾರಾಟದ ಲ್ಯಾಂಡಿಂಗ್ ಶುಲ್ಕ, ಪ್ರಯಾಣಿಕ ಶುಲ್ಕ ಎಲ್ಲವನ್ನೂ ಆ ಕೆಂಪು ವಾಹನವೇ ನುಂಗಿ ನೀರು ಕುಡಿಯುತ್ತಿತ್ತು. ಸಣ್ಣ ನಿಲ್ದಾಣದ ಅರ್ಥಶಾಸ್ತ್ರ ಅರ್ಥವಾಗಬೇಕಾದರೆ ಅಗ್ನಿಶಾಮಕ ಠಾಣೆಯಲ್ಲಿ ಒಂದು ದಿನ ಕುಳಿತರೆ ಸಾಕು. ಬಂದಿಳಿಯುವುದು ಒಂದು ವಿಮಾನವಾದರೂ ಹತ್ತಾದರೂ ನಿಯಂತ್ರಣ ಗೋಪುರದಲ್ಲಿ, ಠಾಣೆಯಲ್ಲಿ, ತಪಾಸಣೆಯಲ್ಲಿ ಜನ ಇರಲೇಬೇಕು, ಸಂಬಳ ಹೋಗುತ್ತಲೇ ಇರುತ್ತದೆ.

ಹನ್ನೊಂದು ಗಂಟೆಯ ವಿಮಾನ ನಮಗೆ ಬೇಡವಾಗಿದ್ದಕ್ಕೆ ಇನ್ನೂ ಒಂದು ಕಾರಣವಿತ್ತು. ಹನ್ನೊಂದಕ್ಕೆ ಹೊರಟವನು ಅಂದೇ ಕೆಲಸ ಮುಗಿಸಿ ಮರಳಲಾರ. ನಮ್ಮವರು ಕೊಳ್ಳುತ್ತಿದ್ದದ್ದು ಬೆಳಗಿನ ಮೊದಲ ವಿಮಾನ ಮತ್ತು ರಾತ್ರಿಯ ಕೊನೆಯ ವಿಮಾನದ ಜೋಡಿಯನ್ನು. ಮೊದಲ ವಿಮಾನ ಬೆಳಗ್ಗೆ ಹೊರಡಬೇಕಾದರೆ ಅದು ಹಿಂದಿನ ರಾತ್ರಿ ನಮ್ಮಲ್ಲೇ ಮಲಗಿರಬೇಕು. ರಾತ್ರಿ ನಿಲ್ಲಲು ನಮ್ಮಲ್ಲಿದ್ದದ್ದು ನಾಲ್ಕೇ ಜಾಗ. ಆ ನಾಲ್ಕು ಚೌಕಗಳು ನನ್ನ ಪಾಲಿಗೆ ಇಡೀ ಟರ್ಮಿನಲ್‌ಗಿಂತ ಬೆಲೆಬಾಳುವ ಆಸ್ತಿಯಾಗಿದ್ದವು. ಸಿಬ್ಬಂದಿಯ ವಸತಿ ಖರ್ಚು ಹೆಚ್ಚುತ್ತದೆ ಎಂದು ವಿಮಾನಯಾನ ಸಂಸ್ಥೆಗಳು ರಾತ್ರಿ ನಿಲ್ಲಲು ಹಿಂದೇಟು ಹಾಕಿದಾಗ ನಿಲುಗಡೆ ಶುಲ್ಕವನ್ನೇ ಬಿಟ್ಟುಕೊಟ್ಟೆ. ಒಂದು ಮಾರ್ಗದಲ್ಲಿ ಸಂಜೆಯ ಕೊನೆಯ ವಿಮಾನ ಆರೂವರೆಗಿತ್ತು, ಅರ್ಧ ಖಾಲಿ. ಐದಕ್ಕೆ ಮುಗಿಯಬೇಕಾದ ಸಭೆ ಐದಕ್ಕೆ ಮುಗಿದದ್ದನ್ನು ಯಾರಾದರೂ ಕಂಡಿದ್ದಾರೆಯೇ? ಏಳೂವರೆಗೆ ಸರಿಸಿ ಎಂದು ನಾಲ್ಕು ತಿಂಗಳು ದುಂಬಾಲು ಬಿದ್ದೆ. ಸರಿಸಿದ ಋತುವಿನಲ್ಲೇ ಆಸನಗಳು ತುಂಬತೊಡಗಿದವು.

ಮಳಿಗೆಗಳ ಮಾತಿಗೆ ಮರಳುವುದಾದರೆ, ಕೊನೆಗೂ ಲಾಭ ತಂದದ್ದು ಗೇಟಿನ ಪಕ್ಕದ ಒಂದು ಕಾಫಿ ಕಟ್ಟೆ. ಎರಡು ನಿಮಿಷದಲ್ಲಿ ಲೋಟ ಕೈಗೆ ಬರಬೇಕು ಎಂದು ಗುತ್ತಿಗೆಯಲ್ಲೇ ಬರೆಸಿದ್ದೆ. ಅದಕ್ಕಿಂತ ದೊಡ್ಡ ಆದಾಯ ಬಂದದ್ದು ಬಾಗಿಲಿಗೆ ತಾಗಿದ, ಮುಂಗಡವಾಗಿ ಕಾಯ್ದಿರಿಸುವ ಕಾರು ನಿಲುಗಡೆಯಿಂದ. ಹತ್ತು ಹೆಜ್ಜೆ ಉಳಿಸಲು ಜನ ಇಷ್ಟು ಕೊಡುತ್ತಾರೆಂದು ನನ್ನ ಹಳೆಯ ಸಹೋದ್ಯೋಗಿಗಳು ಇಂದಿಗೂ ನಂಬುವುದಿಲ್ಲ.

ಬೆಳಗಿನ ಹತ್ತರಿಂದ ಸಂಜೆ ನಾಲ್ಕರವರೆಗಿನ ಖಾಲಿ ಹೊತ್ತು, ಖಾಲಿ ಶನಿವಾರ, ಇವಕ್ಕೆ ಮಾತ್ರ ಪೂರ್ತಿ ಮದ್ದು ಸಿಗಲಿಲ್ಲ. ಖಾಸಗಿ ಜೆಟ್‌ಗಳಿಗೆ ಸ್ವಲ್ಪ ಜಾಗ ಕೊಟ್ಟೆವು. ಉಳಿದಂತೆ ಆ ಹೊತ್ತಿನ ಮೌನ ಸುತ್ತಲಿನ ನಿವಾಸಿಗಳದ್ದು. ಅವರ ಸಭೆಗಳಿಗೆ ನಾನೇ ಹೋಗಿ ಕೂರುತ್ತಿದ್ದೆ. ಬೈಗುಳವನ್ನೂ ತಿಂದಿದ್ದೇನೆ. ಹಾರಾಟದ ಅವಧಿ ವಿಸ್ತರಿಸಿ ಎಂಬ ನಮ್ಮ ಅರ್ಜಿ ತಿರಸ್ಕೃತವಾದಾಗ ಸಿಟ್ಟು ಬಂದಿತ್ತು, ನಿಜ. 2024ರ ಆಗಸ್ಟ್‌ನಲ್ಲಿ ಲಂಡನ್ ಸಿಟಿಗೆ ವರ್ಷಕ್ಕೆ 65 ಲಕ್ಷವಿದ್ದ ಪ್ರಯಾಣಿಕರ ಮಿತಿಯನ್ನು 90 ಲಕ್ಷಕ್ಕೆ ಏರಿಸಿದ ಸರ್ಕಾರ, ಶನಿವಾರ ಮಧ್ಯಾಹ್ನದ ಹಾರಾಟಕ್ಕೆ ಮಾತ್ರ ಒಪ್ಪಲಿಲ್ಲ. ಅಷ್ಟು ಹೆಸರುವಾಸಿ ನಿಲ್ದಾಣಕ್ಕೇ ದಕ್ಕದ ಶನಿವಾರ ನಮಗೆ ದಕ್ಕೀತೆ?

ಕೋವಿಡ್ ನಂತರ ಸೋಮವಾರದ, ಶುಕ್ರವಾರದ ಗದ್ದಲ ಇಳಿಯಿತು. ಒಂದು ದಿನದ ಸಭೆಗೆ ಈಗ ವಿಡಿಯೊ ಕರೆ ಸಾಕು. ಖಾಲಿ ಆಸನಗಳಿಗೆ ಪ್ರವಾಸಿ ಕುಟುಂಬಗಳು ಬಂದವು. ಅವರನ್ನು ಬೇಡವೆನ್ನುವ ಸ್ಥಿತಿಯಲ್ಲಿ ನಾವಿಲ್ಲ. ಅವರು ಬೇಗ ಬರುತ್ತಾರೆ, ಊಟ ಮಾಡುತ್ತಾರೆ, ಮಕ್ಕಳಿಗೆ ಆಟಿಕೆ ಕೊಡಿಸುತ್ತಾರೆ. ನನ್ನ ಹಳೆಯ ವೇದ ಇವರ ವಿಷಯದಲ್ಲಿ ಅಕ್ಷರಶಃ ನಿಜ. ಆದರೆ ತಪಾಸಣೆಯಲ್ಲಿ ತಳ್ಳುಗಾಡಿ ಮಡಚುವಷ್ಟರಲ್ಲಿ ಹಿಂದೆ ನಿಂತವನು ಮೂರು ಸಲ ಗಡಿಯಾರ ನೋಡಿರುತ್ತಾನೆ. ಕಳೆದ ವರ್ಷ ಕುಟುಂಬಗಳಿಗೆ ಬೇರೆಯೇ ಸಾಲು ಮಾಡಿದೆವು. ಹೋದ ವಾರ ನಿಂತು ಅಳೆದಾಗ ಆ ಸಾಲಿಗೆ ಹತ್ತೊಂಬತ್ತು ನಿಮಿಷ ಹಿಡಿಯಿತು, ಪಕ್ಕದ್ದಕ್ಕೆ ಆರು. ಎರಡನ್ನೂ ಕೂಡಿಸಿ ಒಂದೇ ಸರಾಸರಿ ಕೊಡಿ ಎಂದು ಆಡಳಿತ ಮಂಡಳಿ ಕೇಳಿದೆ. ನಾನಿನ್ನೂ ಕೊಟ್ಟಿಲ್ಲ.